ಚಿಕ್ಕಮ್ಮನ ಮೊಡವೆ ಜೆಲ್

ಯಾರ ಮುಖದಲ್ಲಿ ಮೊಡವೆ ಕಂಡರೂ ಚಿಕ್ಕಮ್ಮನ ಕೈ ಸುಮ್ಮನಿರುವುದಿಲ್ಲ. ಹಾಲು ತರಲು ಹೋದವಳು ಬಸ್ ಸ್ಟಾಪಿನಲ್ಲಿ ನಿಂತ ಗುರುತಿಲ್ಲದ ಹುಡುಗಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಚಿವುಟಬೇಡ ಕಣೇ, ಜೆಲ್ ಮಾಡ್ಕೊಡ್ತೀನಿ" ಎಂದು ಮಾತು ಕೊಟ್ಟು, ಹಾಲು ಮರೆತು ಬರುತ್ತಾಳೆ. ಅಡುಗೆಮನೆಯ ಕಟ್ಟೆಯ ತುಂಬ ಲೋಳೆಸರದ ತಿರುಳು, ಟೀ ಟ್ರೀ, ಲ್ಯಾವೆಂಡರ್ ಎಣ್ಣೆಗಳ ಪುಟ್ಟ ಬಾಟಲಿಗಳು. ಮನೆಯ ಚಹಾಕ್ಕೂ ಲ್ಯಾವೆಂಡರ್ ವಾಸನೆ. ಚಿಕ್ಕಪ್ಪ "ಉಪ್ಪಿನ ಡಬ್ಬಿ ಎಲ್ಲಿದೆ ಅಂತಾದ್ರೂ ಹೇಳೇ" ಎಂದು ಗೋಗರೆದರೆ, "ಶ್! ಹನಿ ಎಣಿಸ್ತಿದೀನಿ" ಎಂದು ಗದರುತ್ತಾಳೆ. ಆದರೆ ಮಾಡಿದ ಜೆಲ್ಲನ್ನು ಕೇಳಿದ ಕೂಡಲೇ ಕೊಟ್ಟವಳಲ್ಲ. "ಇರು, ನಾಳೆ" ಎನ್ನುವುದೇ ಅವಳ ಪಲ್ಲವಿ. ಮೊಡವೆಗೆ ಹೆದರಿ ಕನ್ನಡಿಗೆ ಬೆನ್ನು ಹಾಕಿ ತಲೆ ಬಾಚುವ ಅವಳ ಅಕ್ಕನ ಮಗಳು ಕೊನೆಗೆ ರೋಸಿಹೋಗಿ, "ಇನ್ನೆಷ್ಟು ಸತಾಯಿಸ್ತೀಯಾ ಚಿಕ್ಕಮ್ಮಾ?" ಎಂದು ಡಬ್ಬಿಗೇ ಕೈ ಹಾಕಿದಳು. ಚಿಕ್ಕಮ್ಮ ರವಿಕೆಯ ತೋಳು ಸರಿಸಿ ಮೊಣಕೈಯ ಒಳಬದಿಯನ್ನು ತೋರಿಸಿದಳು. ಅಲ್ಲಿ ಬೊಟ್ಟಿನಷ್ಟಗಲದ ಕಂದು ಕಲೆಗಳು. "ಇದು ಉರೀತು, ಚೆಲ್ದೆ. ಇದು ಗುಳ್ಳೆ ಎದ್ತು, ಚೆಲ್ದೆ. ನಿನ್ನೆ ಹಚ್ಚಿದ್ದು ಇಲ್ಲಿ ನೋಡು, ಏನೂ ಆಗಿಲ್ಲ." ಹುಡುಗಿ ಏನೂ ಆಗದ ಆ ಜಾಗವನ್ನು ಬೆರಳಿನಿಂದ ಮೆಲ್ಲಗೆ ಸವರಿ, ಕಣ್ಣು ಮುಚ್ಚಿ ಕೆನ್ನೆ ಒಡ್ಡಿದಳು.