ಗುಂಡಿ ಕೇಳುತ್ತಿದ್ದ ಒಂದೇ ಮಾತು

ಶರ್ಟುಗಳಿಗೆ ಕಾಜಾ ಹಾಕಿ, ಗುಂಡಿ ಹೊಲಿದು ಹೊಟ್ಟೆ ಹೊರೆಯುವ ಹೆಂಗಸು ಮಗಳನ್ನು ‘ಗುಂಡಿ’ ಅಂತ ಕರೆದರೆ ಯಾರೇನು ಮಾಡೋಕಾಗುತ್ತೆ? ಶರ್ಟು ಕೊಡುವ ಅಂಗಡಿಯವರು ನಕ್ಕರು, ಹುಡುಗಿಯೂ ನಕ್ಕಳು, ಹೆಸರು ನಿಂತೇಬಿಟ್ಟಿತು. ಗಂಡ ಬೇರೆ ಮನೆ ಮಾಡಿ ಆರು ವರ್ಷವಾಗಿತ್ತು. ಮೂರನೇ ಮಹಡಿಯ ಒಂದೇ ಕೋಣೆಯಲ್ಲಿ ತಾಯಿ, ಹತ್ತು ವರ್ಷದ ಗುಂಡಿ, ಮತ್ತೆ ಮೂಟೆಗಟ್ಟಲೆ ಶರ್ಟು.

ಗುಂಡಿ ಬರೆಯೋಕೆ ಕೂತಳೋ, ಮುಗೀತು ಕಥೆ. ಅಕ್ಷರದ ತಲೆಕಟ್ಟು ಸರಿಯಾಗಿ ಕೂತಿಲ್ಲ ಅಂತ ಅಳಿಸುವಳು, ಬರೆಯುವಳು, ಮತ್ತೆ ಅಳಿಸುವಳು, ಕಾಗದ ತೂತಾಗುವವರೆಗೆ. ಒಂದೊಂದು ಸಾಲಿಗೂ ಪುಸ್ತಕ ಎತ್ತಿ ಹಿಡಿದು, “ಅಮ್ಮಾ, ಆಯ್ತಾ?” ಅಂತ ಕೇಳುವಳು.

“ಆಯ್ತು ಕಣೇ,” ಅನ್ನುವಳು ತಾಯಿ, ಸೂಜಿಯಿಂದ ಕಣ್ಣೆತ್ತದೆ.

ಹಾಗಂದರೆ ಮಾತ್ರ ಮುಂದಿನ ಸಾಲು. ತಾಯಿ ರೇಗುತ್ತಿದ್ದಳು, ಸುಳ್ಳೇಕೆ? ಆದರೆ ಇಡೀ ದಿನದಲ್ಲಿ ಅವಳ ಕಿವಿಗೆ ಬೀಳುತ್ತಿದ್ದ ಮನುಷ್ಯರ ಮಾತು ಅದೊಂದೇ.

ಅರ್ಧವಾರ್ಷಿಕ ಪರೀಕ್ಷೆಯ ಕೋಣೆಯಲ್ಲಿ ‘ಆಯ್ತು’ ಅನ್ನೋರು ಯಾರು? ಉತ್ತರವೆಲ್ಲ ನಾಲಿಗೆ ತುದಿಯಲ್ಲಿದ್ದರೂ ಗುಂಡಿ ಎರಡೇ ಸಾಲು ಬರೆದು ಬಂದಳು. ಸೋಮಾರಿ ಅಂದುಬಿಟ್ಟರು ಟೀಚರಮ್ಮ. ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಆಡುತ್ತೆ! ವಾರ್ಷಿಕ ಪರೀಕ್ಷೆಯಲ್ಲೂ ಹೀಗೇ ಆದರೆ ಅದೇ ತರಗತಿಯಲ್ಲಿ ಉಳಿಸ್ತೀವಿ ಅಂತಲೂ ಹೇಳಿದರು.

ತಾಯಿ ಹೆದರಿ ಮಗಳನ್ನು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಡಾಕ್ಟರು ಗುಂಡಿಗೆ ಬಣ್ಣಬಣ್ಣದ ಆಕಾರಗಳಿದ್ದ ಒಂದಷ್ಟು ಚೀಟಿ ಕೊಟ್ಟು, ಮೊದಲು ಬಣ್ಣ ನೋಡಿ ಜೋಡಿಸು ಅಂದರು, ಆಮೇಲೆ ಆಕಾರ ನೋಡಿ ಜೋಡಿಸು ಅಂದರು. ಬಣ್ಣದ ಜೋಡಣೆ ಮುಗಿದರೂ ಅದನ್ನು ಬಿಟ್ಟು ಆಕಾರಕ್ಕೆ ಬರೋಕೆ ಹುಡುಗಿ ಒದ್ದಾಡಿಹೋದಳು.

“ಬುದ್ಧಿ ಚುರುಕಾಗಿದೆಯಮ್ಮ,” ಅಂದರು ಡಾಕ್ಟರು. “ಇದು ಗೀಳು. ತಪ್ಪು ಹುಡುಕೋ ಕೆಲಸ ಇವಳ ಮಿದುಳಲ್ಲಿ ಜಾಸ್ತಿ ನಡೆಯುತ್ತೆ. ಸಾಕು, ಮುಂದಕ್ಕೆ ಹೋಗು ಅನ್ನೋದು ಬೇಗ ಬರಲ್ಲ. ಅದನ್ನ ನೀವು ಹೊರಗಿಂದ ಹೇಳ್ತಾ ಇದ್ದೀರಿ. ಸ್ವಲ್ಪ ಸ್ವಲ್ಪವೇ ನಿಲ್ಲಿಸಿ. ಚಡಪಡಿಕೆ ತಾನಾಗೇ ಇಳಿಯುತ್ತೆ ಅಂತ ಅವಳಿಗೇ ಗೊತ್ತಾಗ್ಲಿ.”

ತಾಯಿ ಪ್ರೀತಿಯಿಂದ ಅಂದದ್ದೇ ಮಗಳಿಗೆ ಮುಳುವಾಗಿತ್ತಲ್ಲ!

ಮೊದಲ ವಾರಗಳು ದೇವರಿಗೇ ಪ್ರೀತಿ. ಗುಂಡಿ ಅತ್ತಳು, ಪೆನ್ಸಿಲ್ ಎಸೆದಳು, “ನೀನು ಕೆಟ್ಟ ಅಮ್ಮ” ಅಂದಳು. ತಾಯಿ ತುಟಿ ಕಚ್ಚಿಕೊಂಡು ಕಾಜಾ ಹಾಕಿದಳು. ವಾರಕ್ಕೊಮ್ಮೆ ಇಬ್ಬರೂ ಡಾಕ್ಟರ ಹತ್ತಿರ ಹೋಗಿಬಂದರು. ನಾಲ್ಕು ತಿಂಗಳಾಗುವಷ್ಟರಲ್ಲಿ ಗುಂಡಿ ಅರ್ಧ ಪುಟ, ಆಮೇಲೆ ಒಂದು ಪುಟ, ಏನೂ ಕೇಳದೆ ಬರೆಯತೊಡಗಿದಳು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ತಾಯಿಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಒಮ್ಮೊಮ್ಮೆ ಕಣ್ಣು ಸುಮ್ಮಸುಮ್ಮನೆ ತುಂಬಿಕೊಳ್ಳುತ್ತಿತ್ತು.

ವಾರ್ಷಿಕ ಪರೀಕ್ಷೆಯ ಬೆಳಿಗ್ಗೆ ಗುಂಡಿ ಪರೀಕ್ಷೆಯ ರಟ್ಟಿನ ಮೇಲೆ ಒಂದೇ ಏಟಿಗೆ ತನ್ನ ಹೆಸರು ಬರೆದು ಚೀಲಕ್ಕೆ ತುರುಕಿದಳು. ಅದನ್ನು ನೋಡುತ್ತಿದ್ದ ತಾಯಿಯ ಬಾಯಿಂದ ಮಾತು ಜಾರಿತು. “ಆಯ್ತೇನೇ?”

ಗುಂಡಿ ನಿಂತಳು. ರಟ್ಟನ್ನು ಹೊರಗೆಳೆದಳು. ಹೆಸರನ್ನೇ ನೋಡಿದಳು. ರಬ್ಬರ್ ಕೈಗೆ ಬಂತು. ಅಯ್ಯೋ, ನನ್ನ ಬಾಯಿಗೆ ಬೆಂಕಿ ಬೀಳ ಅಂತ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ತುಂಬಾ ಹೊತ್ತಿನ ಮೇಲೆ ಗುಂಡಿ ರಬ್ಬರನ್ನು ಕೆಳಗಿಟ್ಟಳು.

“ಅಮ್ಮಾ, ಬೇರೆ ಏನಾದ್ರೂ ಮಾತಾಡು ನನ್ ಜೊತೆ.”

ತಾಯಿಯ ನಾಲಿಗೆಗೆ ಬಂದದ್ದು ಮತ್ತೆ ಅದೇ ‘ಆಯ್ತು’; ಅದನ್ನು ನುಂಗಿಕೊಂಡಳು. ಗುಂಡಿ ಬಾಗಿಲಲ್ಲಿ ನಿಂತು ಕಾದಳು. ಕೊನೆಗೆ ಹೊತ್ತಾಗುತ್ತೆ ಅಂತ ಮೆಟ್ಟಿಲಿಳಿದು ಹೋದಳು.