ರತ್ನಕ್ಕನ ವಿಂಡೋಗಳು

ಕಣ್ಣಿನ ಡಾಕ್ಟರರ ಬಳಿ ಬೋಗುಣಿಯಂಥ ಒಂದು ಬಿಳಿಯ ಯಂತ್ರವಿದೆ. ಅದರೊಳಗೆ ಮುಖವಿಟ್ಟು ಕೂತು, ನಡುವಿನ ಚುಕ್ಕೆಯನ್ನೇ ನೋಡುತ್ತ, ಅತ್ತಿತ್ತ ಎಲ್ಲಾದರೂ ಬೆಳಕು ಮಿಣುಕಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಹೋದ ವಾರ ನಾನೂ ಕೂತೆ. ಪರೀಕ್ಷೆ ಎಂದರೆ ನನಗೆ ಚಿಕ್ಕಂದಿನಿಂದಲೂ ಅಂಕದ ಆಸೆ. ಬೆಳಕು ಕಾಣದಿದ್ದಾಗಲೂ ಅಂದಾಜಿನ ಮೇಲೆ ಆಗೊಮ್ಮೆ ಈಗೊಮ್ಮೆ ಒತ್ತಿಬಿಟ್ಟೆ. ಯಂತ್ರ ಮೋಸ ಹೋಗಲಿಲ್ಲ. ಎಡಗಣ್ಣಿನ ಅಂಚಿನಲ್ಲಿ ನೋಟ ಸವೆಯತೊಡಗಿದೆ, ಗ್ಲಾಕೋಮಾ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳೋಣ ಎಂದರು ಡಾಕ್ಟರು. ಮನೆಗೆ ಬಂದು ಹೆಂಡತಿಗೆ, "ಕನ್ನಡಕದ ನಂಬರ್ ಸ್ವಲ್ಪ ಹೆಚ್ಚಾಗಿದೆಯಂತೆ" ಎಂದಷ್ಟೇ ಹೇಳಿದೆ. ಕಣ್ಣಿಗೆ ಬಿಡುವ ಹನಿಗಳ ಸೀಸೆಯನ್ನು ಪುಸ್ತಕಗಳ ಹಿಂದೆ ಇಟ್ಟಿದ್ದೇನೆ. ಈ ವಯಸ್ಸಿನಲ್ಲಿ ಹೆಂಡತಿಯಿಂದ ಕದ್ದು ಔಷಧಿ ಹಾಕಿಕೊಳ್ಳುವ ಗಂಡನನ್ನು ನೀವು ಬೇರೆಲ್ಲಾದರೂ ಕಂಡಿದ್ದರೆ ತಿಳಿಸಿ, ಜೊತೆಯಾದೀತು.

ಆ ಬೋಗುಣಿಯೊಳಗೆ ಮುಖವಿಟ್ಟಾಗಲೇ ನನಗೆ ರತ್ನಕ್ಕ ನೆನಪಾದರು. ಅವರ ಕಣ್ಣಿಗೂ ಇದೇ ಆಗಿತ್ತು, ನನಗಿಂತ ಬಹಳ ಹೆಚ್ಚು, ಅದೂ ನಲವತ್ತರ ಆಸುಪಾಸಿನಲ್ಲಿ. ಎದುರಿಗಿದ್ದದ್ದು ಚೆನ್ನಾಗಿ ಕಾಣುತ್ತಿತ್ತು. ಅಕ್ಕಪಕ್ಕದ್ದು ಇಲ್ಲವೇ ಇಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಪರೇಲಿನ ಗಿರಣಿಗಳ ಭೋಂಗಾ ಎಂಬ ಸೈರನ್ನುಗಳು ಒಂದೊಂದಾಗಿ ಸುಮ್ಮನಾಗಿದ್ದ ಕಾಲ. ಅಂಥದೊಂದು ಗಿರಣಿಯ ಗೋಡೆಗೆ ಆತುಕೊಂಡ ಕಟ್ಟಡದಲ್ಲಿ ನಮ್ಮ ಕಚೇರಿ. ಕುಕ್ಕರ್, ಮಿಕ್ಸರ್, ಇಸ್ತ್ರಿಪೆಟ್ಟಿಗೆ ಕೊಂಡಾಗ ಡಬ್ಬಿಯೊಳಗೆ ನಾಲ್ಕು ಭಾಷೆಗಳ ಮಡಿಚಿದ ಕಾಗದವೊಂದು ಸಿಗುತ್ತದಲ್ಲ, ಯಾರೂ ಓದದೆ ಅಡಿಗೆಮನೆಯ ಕಪಾಟಿಗೆ ಹಾಸುವಂಥದು, ಅದೇ ನಮ್ಮ ಕೃತಿ. ಕನ್ನಡದ್ದನ್ನು ನಾನು ಬರೆಯುತ್ತಿದ್ದೆ. ನನ್ನ ಬರಹಗಳಲ್ಲಿ ಇಷ್ಟೊಂದು ಮನೆ ಸೇರಿದ್ದು ಮತ್ತೊಂದಿಲ್ಲ. ಇಂಗ್ಲಿಷ್, ಹಿಂದಿ, ಮರಾಠಿ, ಕನ್ನಡ ನಾಲ್ಕನ್ನೂ ತಾಳೆ ನೋಡಿ ಅಚ್ಚಿಗೆ ಕಳಿಸುವುದು ರತ್ನಕ್ಕನ ಕೆಲಸ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ, ಮದುವೆಯಾಗಿ ಮುಲುಂಡಿಗೆ ಬಂದವರು. ಗಂಡ ಗಿರಣಿಯೊಂದರ ಕಚೇರಿಯಲ್ಲಿ ಗುಮಾಸ್ತರಾಗಿದ್ದು, ಅದು ಮುಚ್ಚಿದ ಮೇಲೆ ಮನೆಯಲ್ಲಿ ಕೂತಿದ್ದರು. ಮಗಳು ಕಾಲೇಜಿನಲ್ಲಿದ್ದಳು. ಹಾಗಾಗಿ ಮನೆ ನಡೆಯುತ್ತಿದ್ದದ್ದು ರತ್ನಕ್ಕನ ಸಂಬಳದಿಂದಲೇ.

ಕಣ್ಣಿನ ವಿಷಯ ನನಗೆ ತಿಳಿದದ್ದು ಚಹಾದಿಂದ. ಅವರ ಬಲಗಡೆ ಲೋಟ ಇಟ್ಟು ಬಂದೆ. ಮರುಗಳಿಗೆಗೆ ಅದು ನೆಲದಲ್ಲಿತ್ತು. ನಾನು ಒರೆಸುತ್ತಿದ್ದಾಗ ಮೆಲ್ಲಗೆ ಹೇಳಿದರು: "ಇನ್ಮೇಲೆ ಎದುರಿಗೆ ಇಡಪ್ಪ. ಪಕ್ಕದ್ದು ನಂಗೆ ಕಾಣಲ್ಲ. ಸೇಠ್‌ಗೆ ಮಾತ್ರ ಹೇಳ್ಬೇಡ. ಕಣ್ಣಿಲ್ದೋಳ್ನ ಪ್ರೂಫ್ ನೋಡೋಕೆ ಯಾರು ಇಟ್ಕೋತಾರೆ?" ನಮ್ಮ ಮಾಲೀಕರನ್ನು ನಾವೆಲ್ಲ ಸೇಠ್ ಎನ್ನುತ್ತಿದ್ದೆವು. ಕೆಟ್ಟವರಲ್ಲ, ಆದರೆ ಅವಸರದ ಮನುಷ್ಯ. ನಾನು ಹೇಳಲಿಲ್ಲ. ಅಂದಿನಿಂದ ಪರೇಲ್ ಸ್ಟೇಷನ್ನಿನ ಸೇತುವೆ ಇಳಿಯುವಾಗ ಜನ ನುಗ್ಗುವ ಕಡೆಗೆ ನಾನು ನಡೆಯುತ್ತಿದ್ದೆ. ನಾನೂ ಮುಲುಂಡಿನವನೇ. ಅವರು ರೈಲಿನ ಹೆಂಗಸರ ಡಬ್ಬಿಯಿಂದಿಳಿದು, ನಾನು ಬರುವವರೆಗೆ ಕಂಬಕ್ಕೆ ಬೆನ್ನು ಕೊಟ್ಟು ನಿಂತಿರುತ್ತಿದ್ದರು.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಒಮ್ಮೊಮ್ಮೆ ಮಾಟುಂಗದಲ್ಲಿ ಇಳಿದು ನಮ್ಮೂರಿನವರ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆವು. ಮಾಣಿ ತಂದಿಟ್ಟ ದೋಸೆ, ಚಟ್ನಿ, ನೀರು, ಕಾಫಿ ಎಲ್ಲವನ್ನೂ ಅವರು ಮೊದಲು ತಮ್ಮ ಮುಂದಕ್ಕೆ ಎಳೆದುಕೊಳ್ಳುವರು, ಒಂದರ ಹಿಂದೆ ಒಂದು. ಎದುರಿನ ಕುರ್ಚಿಯವನಿಗೆ ಮೇಜಿನ ಎರಡೂ ಪಕ್ಕ ಖಾಲಿ ಉಳಿಯುತ್ತಿತ್ತು. ಹೊಟ್ಟೆಬಾಕನಾದ ನಾನು ಅದನ್ನು ಇನ್ನೊಂದು ಪ್ಲೇಟಿಗೆ ಬಳಸಿಕೊಳ್ಳುತ್ತಿದ್ದೆ. ಆದರೆ ಹೇಳಹೊರಟದ್ದು ದೋಸೆಯ ವಿಷಯವಲ್ಲ.

ಆ ವರ್ಷ ಕಚೇರಿಗೆ ಮೌಸ್ ಇರುವ ಹೊಸ ಕಂಪ್ಯೂಟರ್ ಬಂತು. ಹಳೆಯ ಯಂತ್ರದ ಕಪ್ಪು ಪರದೆಯ ಮೇಲೆ ಒಂದು ಸಲಕ್ಕೆ ಒಂದೇ ಬರಹ ಕಾಣುತ್ತಿತ್ತು. ಇದರಲ್ಲಿ ನಾಲ್ಕು ಭಾಷೆಗಳನ್ನು ನಾಲ್ಕು ವಿಂಡೋಗಳಲ್ಲಿ ಒಟ್ಟಿಗೇ ತೆರೆದಿಡಬಹುದು. ತೆರೆದಿಡಬಹುದು ಎಂಬುದೇ ನನಗೆ ಮುಳುವಾಯಿತು. ಕನ್ನಡದ ವಿಂಡೋವನ್ನು ಪರದೆ ತುಂಬ ದೊಡ್ಡದು ಮಾಡುತ್ತಿದ್ದೆ. ಉಳಿದವು ಮಾಯ. ಕಳೆದೇಹೋದವೆಂದು ಗಾಬರಿಯಾಗಿ ಪ್ರೋಗ್ರಾಮನ್ನು ಮತ್ತೊಮ್ಮೆ ತೆರೆಯುತ್ತಿದ್ದೆ. ಅದೂ ಮರೆಯಾದರೆ ಇನ್ನೊಮ್ಮೆ. ಕೊನೆಗೆ ಯಂತ್ರ ಉಸಿರು ಕಟ್ಟಿ ನಿಂತುಬಿಡುತ್ತಿತ್ತು.

"ಎಂತ ಸಾವು ಮಾರಾಯ್ರೆ! ಬೆಳಗ್ಗಿಂದ ಮಾಡಿದ್ದೆಲ್ಲ ಹೋಯ್ತು!" ಎಂದು ನಾನು ಕೂಗಿಕೊಂಡರೆ ರತ್ನಕ್ಕ ಎದ್ದು ಬರುವರು.

"ಏನೂ ಹೋಗಿಲ್ಲ ಕಣಪ್ಪ. ಹಿಂದ್ಗಡೆ ಇದೆ. ಮುಂದಿರೋದನ್ನ ಸ್ವಲ್ಪ ಸರಿಸು."

ಸರಿಸಿದರೆ ನಿಜವಾಗಿಯೂ ಇರುತ್ತಿತ್ತು.

ಅವರು ವಿಂಡೋಗಳನ್ನು ಜೋಡಿಸುತ್ತಿದ್ದ ಬಗೆಯನ್ನು ಹೇಳಲೇಬೇಕು. ಪರದೆಯ ನಾಲ್ಕು ಮೂಲೆಗಳನ್ನೂ ಖಾಲಿ ಬಿಡುತ್ತಿದ್ದರು. ನಾಲ್ಕು ವಿಂಡೋಗಳನ್ನೂ ಒಂದೇ ಅಗಲಕ್ಕೆ ಕುಗ್ಗಿಸಿ, ನಡುವಿಗೆ ತಂದು, ಒಂದರ ಮೇಲೊಂದಿಡುವರು. ಹಿಂದಿನದರ ಹೆಸರಿನ ಪಟ್ಟಿ ಮಾತ್ರ ಮುಂದಿನದರ ತಲೆಯ ಮೇಲೆ ಇಣುಕಬೇಕು. ಕೆಲಸ ನಡೆಯುತ್ತಿರುವುದರ ಪಟ್ಟಿ ನೀಲಿ, ಉಳಿದವು ಬಿಳಿ. ಆಮೇಲೆ ಒಳಗಿನ ಬರಹವನ್ನು ಮೇಲೆ ಕೆಳಗೆ ಜರುಗಿಸಿ, ಒಂದೇ ಸೂಚನೆ ನಾಲ್ಕರಲ್ಲೂ ಒಂದೇ ಎತ್ತರಕ್ಕೆ ಬರುವಂತೆ ಮಾಡುವರು. ಯಾವ ಭಾಷೆಯಾದರೂ ಒಂದು ಸೂಚನೆಗೆ ಇಷ್ಟೇ ಸಾಲು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು, ಪಕ್ಕದ ಚಿತ್ರಕ್ಕೆ ಹೊಂದಬೇಕಲ್ಲ. ಈಗ ಎರಡು ಕೀಲಿಗಳನ್ನು ಸೇರಿಸಿ ಒತ್ತುತ್ತ ಹೋದರೆ ಒಂದಾದ ಮೇಲೊಂದು ವಿಂಡೋ ಮುಂದೆ ಬರುತ್ತದೆ. ಕಣ್ಣು ಅಲುಗುವುದಿಲ್ಲ, ಭಾಷೆಗಳೇ ಬಂದು ಹೋಗುತ್ತವೆ. ಎಲ್ಲ ಸರಿಯಿದ್ದರೆ ಸಾಲುಗಳು ನಿಂತಲ್ಲೇ ನಿಂತಿರುತ್ತವೆ. ಎಲ್ಲಾದರೂ ಒಂದು ಸಾಲು ಬಿಟ್ಟುಹೋಗಿದ್ದರೆ ಕೆಳಗಿನದೆಲ್ಲ ಫಕ್ಕನೆ ಮೇಲಕ್ಕೆ ಜಿಗಿಯುತ್ತದೆ. ಓದುವ ಮೊದಲೇ ತಪ್ಪು ಕಾಣುತ್ತದೆ. ನಾನು ಬೆರಳಿಟ್ಟುಕೊಂಡು ಎರಡೆರಡು ಸಲ ಓದಿದರೂ ಸಿಗದ ತಪ್ಪುಗಳು ಅವರಿಗೆ ಹೀಗೆ ಸಿಗುತ್ತಿದ್ದವು. ನನಗೆ ಮೊದಮೊದಲು ಹೊಟ್ಟೆಕಿಚ್ಚು, ಆಮೇಲೆ ಬರೀ ಸಂತೋಷ. ಚೆನ್ನಾಗಿ ಮಾಡಿದ ಕೆಲಸವನ್ನು ಪಕ್ಕದಲ್ಲಿ ಕೂತು ನೋಡುವಂಥ ಸುಖ ಬೇರೊಂದಿಲ್ಲ.

ಒಂದು ದಿನ ಕುಕ್ಕರ್ ಕಂಪನಿಯ ಸಾಹೇಬರೊಬ್ಬರು ಕೆಲಸ ನೋಡಲು ಬರುವವರಿದ್ದರು. ಸೇಠ್‌ಗೆ ಹೊಸ ಯಂತ್ರದ ವೈಭವ ತೋರಿಸುವ ಹುಮ್ಮಸ್ಸು. ನಾಲ್ಕು ಭಾಷೆಗಳೂ ನಾಲ್ಕು ಮೂಲೆಗಳಲ್ಲಿ ಒಟ್ಟಿಗೆ ಕಾಣಬೇಕು ಎಂದು ತಾವೇ ಮೆನುವಿನಲ್ಲಿ ಹುಡುಕಿ, ಪರದೆಯನ್ನು ಚೌಕ ಚೌಕ ಮಾಡಿಸಿಬಿಟ್ಟರು. ನೋಡಲು ಚೆಂದವೇ. ಆದರೆ ರತ್ನಕ್ಕನ ಮುಖ ಬಿಳಿಚಿಕೊಂಡಿತು. ನಾಲ್ಕು ಚೌಕಗಳು ಕೂಡುವ ನಡುಭಾಗವೇ ಅವರಿಗೆ ಕಾಣುವ ಜಾಗ. ಅಲ್ಲಿ ಗೆರೆಗಳಲ್ಲದೆ ಏನಿದೆ?

ಸಾಹೇಬರು ಬಂದರು, ಕೂತರು, ಮೆಚ್ಚಿದರು. ಆಮೇಲೆ ಪರದೆಯ ಮೂಲೆಯೊಂದಕ್ಕೆ ಬೆರಳಿಟ್ಟು, ಹಬೆ ಪೂರ್ತಿ ಹೋಗುವ ಮುನ್ನ ಮುಚ್ಚಳ ತೆಗೆಯಬೇಡಿ ಎಂಬ ಎಚ್ಚರಿಕೆ ಮರಾಠಿಯಲ್ಲಿ ಎಲ್ಲಿದೆ, ಇಲ್ಲಿಯೇ ಏನು ಎಂದು ಕೇಳಿದರು. ಆ ಬೆರಳು ಎಲ್ಲಿದೆಯೆಂದು ರತ್ನಕ್ಕನಿಗೆ ಗೊತ್ತಿಲ್ಲ. ಎದ್ದು ಹೋಗಿ ತೋರಿಸಲೆ ಎಂದು ನಾನು ಕುರ್ಚಿಯಲ್ಲಿ ಚಡಪಡಿಸುತ್ತಿದ್ದೆ.

"ಏಕ್ ಮಿನಿಟ್, ಸಾಬ್" ಎಂದರು ರತ್ನಕ್ಕ. ಸೇಠ್ ಹುಬ್ಬೇರಿಸುತ್ತಿದ್ದಂತೆಯೇ ಆ ಚೌಕಗಳನ್ನೆಲ್ಲ ಕಲೆಹಾಕಿ, ತಮ್ಮ ರೀತಿಯಲ್ಲಿ ನಡುವಿಗೆ ಜೋಡಿಸಿದರು. ಕೀಲಿ ಒತ್ತಿದರು. ಇಂಗ್ಲಿಷ್, ಹಿಂದಿ, ಕನ್ನಡ ಅಲುಗದೆ ಬಂದು ಹೋದವು. ಮರಾಠಿ ಬಂತು, ಕೆಳಗಿನ ಸಾಲುಗಳು ಜಿಗಿದವು. ಎಚ್ಚರಿಕೆ ಅಲ್ಲಿರಲೇ ಇಲ್ಲ. ರತ್ನಕ್ಕ ತಾಳೆ ನೋಡಿದ ಮೇಲೆ ಯಾರೋ ಕತ್ತರಿಸಿ ಅಂಟಿಸುವಾಗ ಎಲ್ಲೋ ಬಿದ್ದುಹೋಗಿತ್ತು. ಇನ್ನು ಅಚ್ಚಿಗೆ ಹೋಗುವುದಷ್ಟೇ ಬಾಕಿಯಿದ್ದ ಕಾಗದವದು.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, ಇದನ್ನು ಎಲ್ಲಿ ಕಲಿತಿರಿ ಎಂದು ವಿಚಾರಿಸಿದರು. ಅಭ್ಯಾಸ ಸಾಬ್ ಎಂದು ರತ್ನಕ್ಕ ನಕ್ಕುಬಿಡಬಹುದಿತ್ತು. ನಾನಾಗಿದ್ದರೆ ಹಾಗೆಯೇ ಮಾಡುತ್ತಿದ್ದೆ. ಅವರು ಸೇಠ್ ಕಡೆಗೆ ಪೂರ್ತಿ ತಿರುಗಿ, ಅವರ ಮುಖವನ್ನು ಎದುರಿಗೆ ತಂದುಕೊಂಡು ಹೇಳಿದರು: "ಸೇಠ್‌ಜೀ, ಮೇರೇಕೋ ಬಾಜೂಕಾ ದಿಖ್ತಾ ನಹೀಂ. ಬೀಚ್‌ಮೇ ದಿಖ್ತಾ ಹೈ. ಇಸ್‌ಲಿಯೇ ಸಬ್ ಬೀಚ್‌ಮೇ ಲಾತೀ ಹೂಂ." ಪಕ್ಕದ್ದು ಕಾಣುವುದಿಲ್ಲ, ನಡುವಿನದು ಕಾಣುತ್ತದೆ, ಅದಕ್ಕೇ ಎಲ್ಲವನ್ನೂ ನಡುವಿಗೆ ತರುತ್ತೇನೆ.

ಸೇಠ್ ಸಾಹೇಬರನ್ನು ಕಳಿಸಿಬರಲು ಎದ್ದು ಹೋದರು. ಸಂಜೆ ಸ್ಟೇಷನ್ನಿಗೆ ನಡೆಯುವಾಗ ನಾನು ಕೇಳಿದೆ, "ಯಾಕೆ ಹೇಳ್ಲಿಕ್ಕೆ ಹೋದ್ರಿ ಅಕ್ಕ? ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಬಚ್ಚಿಡೋದಕ್ಕೂ ಕಣ್ಣು ಬೇಕು ಕಣಪ್ಪ" ಎಂದರು. "ಯಾರು ಎಲ್ಲಿಂದ ಬರ್ತಾರೆ, ಯಾರು ನೋಡ್ತಿದಾರೆ ಅಂತ ದಿನಾ ಕಾಯ್ಬೇಕು. ಇರೋ ಚೂರನ್ನೂ ಅದಕ್ಕೇ ಖರ್ಚು ಮಾಡಿದ್ರೆ ಕೆಲಸಕ್ಕೆ ಏನುಳಿಯತ್ತೆ?"

ಮರುದಿನ ಹೋದರೆ ಅವರ ಮೇಜು ಹಳೆಯ ಜಾಗದಲ್ಲಿರಲಿಲ್ಲ. ನಾನು ಸುತ್ತ ಹುಡುಕಿದೆ. ಸೇಠ್ ಅದನ್ನು ಓಡಾಡುವ ದಾರಿಯಿಂದ ಎತ್ತಿಸಿ, ಯಾರೂ ಪಕ್ಕದಿಂದ ತಗಲದಂತೆ ಮೂಲೆಯಲ್ಲಿ ಗೋಡೆಗೆ ಸೇರಿಸಿಟ್ಟಿದ್ದರು. ಅಂದಿನಿಂದ ರತ್ನಕ್ಕನೊಡನೆ ಮಾತಾಡುವುದಿದ್ದರೆ, ಬಾಗಿಲಿನಿಂದಲೇ ಕೂಗುತ್ತಿದ್ದ ಆ ಅವಸರದ ಮನುಷ್ಯ, ಮೇಜಿನ ತನಕ ನಡೆದು ಬಂದು ಎದುರಿಗೆ ನಿಲ್ಲುತ್ತಿದ್ದರು. ನಾನು ಬೇರೆ ಕೆಲಸ ಹಿಡಿದು ಹೊರಟಾಗಲೂ ರತ್ನಕ್ಕ ಅದೇ ಮೂಲೆಯಲ್ಲಿ, ಕಣ್ಣಲುಗಿಸದೆ, ನಾಲ್ಕು ಭಾಷೆಗಳನ್ನು ಕುಣಿಸುತ್ತಿದ್ದರು.

ಈಗ ನನ್ನ ಮೇಜಿನ ಮೇಲೆ ಮಗ ಕೊಡಿಸಿದ ಪರದೆಯೊಂದಿದೆ, ಹೆಚ್ಚುಕಡಿಮೆ ನಮ್ಮ ಅಡಿಗೆಮನೆಯ ಕಟ್ಟೆಯಷ್ಟು ಅಗಲ. ಡಾಕ್ಟರರ ಬಳಿಯಿಂದ ಬಂದಾಗಿನಿಂದ ಅದರ ಎಡಮೂಲೆಯನ್ನು ದಿಟ್ಟಿಸಿ, ಕಾಣುತ್ತಿದೆಯೋ ಇಲ್ಲವೋ ಎಂದು ನನ್ನನ್ನು ನಾನೇ ಪರೀಕ್ಷಿಸಿಕೊಳ್ಳುವುದೇ ಕೆಲಸವಾಗಿತ್ತು. ಒಂದು ಸಾಲು ಬರೆದಿರಲಿಲ್ಲ. ಇವತ್ತು ಬೆಳಿಗ್ಗೆ ಅಲ್ಲಲ್ಲಿ ಹರಡಿದ್ದ ವಿಂಡೋಗಳನ್ನೆಲ್ಲ ಒಂದೇ ಅಗಲ ಮಾಡಿ, ನಡುವಿಗೆ ತಂದು, ತಲೆಗಳು ಇಣುಕುವಂತೆ ಜೋಡಿಸಿದೆ. ಕೈ ಮರೆತಿರಲಿಲ್ಲ. ಅಲ್ಲಿಂದ ಶುರುಮಾಡಿ ಬರೆದದ್ದೇ ನೀವು ಓದಿದ ಇಷ್ಟೂ.

ಹೆಂಡತಿ ಕಾಫಿ ತಂದು ಎಂದಿನಂತೆ ಎಡಗಡೆ ಇಟ್ಟು, ಎಂತ ಬರೀತಿದ್ದೀರಿ ಅಷ್ಟು ಹೊತ್ತಿಂದ ಎನ್ನುತ್ತ ಬೆನ್ನ ಹಿಂದೆ ನಿಂತಳು. ನಾನು ಲೋಟವನ್ನು ಹುಡುಕಿ ಮುಂದಕ್ಕೆ ಎಳೆದುಕೊಂಡೆ. ಪುಸ್ತಕಗಳ ಹಿಂದಿನಿಂದ ಸೀಸೆಯನ್ನು ತೆಗೆದು ಅದರ ಪಕ್ಕದಲ್ಲಿಟ್ಟೆ.

"ಇಲ್ಲಿ ಬಾ ಮಾರಾಯ್ತಿ, ಎದುರಿಗೆ ಕೂತ್ಕೊ" ಎಂದೆ. "ನಿನ್ಹತ್ರ ಒಂದು ವಿಷಯ ಹೇಳ್ಲಿಕ್ಕುಂಟು."