ಅಣ್ಣಯ್ಯನ ವಿಮಾನ ಹಿಂದಕ್ಕೆ ತಿರುಗಿದ್ದು

ಹಾನುಬಾಳಿನ ಜೀಪ್ ಸ್ಟ್ಯಾಂಡಿನಲ್ಲಿ ಒಂದು ಕಟ್ಟಳೆ ಇದೆ. ಜನರನ್ನು ಹತ್ತಿಸಿಕೊಂಡು ಹೊರಟವನು ಅರ್ಧ ದಾರಿಯಿಂದ ವಾಪಸ್ ಬಂದನೋ, ಪಾಳಿಯ ಕೊನೆಗೆ ಹೋಗಿ ನಿಲ್ಲಬೇಕು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ಸ್ಟ್ಯಾಂಡಿನವರ ಬಾಯಿಗೂ ಬೀಳಬೇಕು. ಅಣ್ಣಯ್ಯ ಇಪ್ಪತ್ತೈದು ವರ್ಷ ಜೀಪು ಓಡಿಸಿದವನು, ಒಮ್ಮೆಯೂ ಹಿಂದಕ್ಕೆ ತಿರುಗಿಸಿದವನಲ್ಲ. ಗೇರೆಲ್ಲ ಕೈಕೊಟ್ಟು ಒಂದನೇ ಗೇರು ಮಾತ್ರ ಉಳಿದಾಗಲೂ ಮದುವೆ ಜನರನ್ನು ಸಕಲೇಶಪುರಕ್ಕೆ ಮುಟ್ಟಿಸಿದ್ದ. ಮುಟ್ಟುವ ಹೊತ್ತಿಗೆ ಊಟದ ಎಲೆ ಎತ್ತಿಯಾಗಿತ್ತು, ಆ ಮಾತು ಬೇರೆ.

ಇಂಥ ಆಸಾಮಿ ವಿಮಾನ ಹಾರಿಸಲು ಹೋದ. ಗಾಬರಿಯಾಗಬೇಡಿ, ಕಂಪ್ಯೂಟರಿನಲ್ಲಿ. ಮೆಣಸು ಕೊಯ್ಯುವ ಏಣಿಯಿಂದ ಬಿದ್ದು, ಕಾಲಿಗೆ ಕಟ್ಟು ಹಾಕಿಸಿಕೊಂಡು ಮನೆಯಲ್ಲಿ ಕೂತಾಗ, ಸ್ಟೇರಿಂಗ್ ಹಿಡಿಯದೆ ಕೈ ಕಡಿಯುತ್ತದೆ ಎಂದು ಹೆಂಡತಿ ಭೂತಮ್ಮನ ಜೀವ ಹಿಂಡತೊಡಗಿದ. ತಾಯಿಯ ಪಾಡು ನೋಡಲಾರದೆ ಮಗಳು ನಯನಾ ತನ್ನ ಹಳೆಯ ಕಂಪ್ಯೂಟರಿಗೆ ವಿಮಾನ ಹಾರಿಸುವ ಆಟ ಹಾಕಿಕೊಟ್ಟಳು. ಕಾಲು ವಾಸಿಯಾಯಿತು, ಹುಚ್ಚು ವಾಸಿಯಾಗಲಿಲ್ಲ. ಕೊನೆಗೆ 'ಮೋಡದಾರಿ ಏರ್‌ವೇಸ್' ಸೇರಿದ. ಅದು ಇಂಥ ಹುಚ್ಚರೇ ಕಟ್ಟಿಕೊಂಡ ಕೂಟ. ಅವರವರ ಮನೆಯಲ್ಲಿ ಕೂತು, ವೇಳಾಪಟ್ಟಿ ಹಿಡಿದು ವಿಮಾನ ಬಿಡುತ್ತಾರೆ. ಡ್ಯೂಟಿ ಇದೆ, ಬಡ್ತಿ ಇದೆ, ಬೈಯುವವರೂ ಇದ್ದಾರೆ.

"ಸಂಬಳ ಒಂದು ಇಲ್ಲ," ಎನ್ನುತ್ತಿದ್ದಳು ಭೂತಮ್ಮ.

ಅಣ್ಣಯ್ಯನಿಗೆ ಸಂಬಳ ಬೇಡ, ಕ್ಯಾಪ್ಟನ್ ಆಗಬೇಕಿತ್ತು. ಆಗಿಯೇ ತೀರುತ್ತೇನೆಂದು ಸ್ಟ್ಯಾಂಡಿನಲ್ಲಿ ಸಾರಿಯೂ ಬಿಟ್ಟಿದ್ದ. ಅವರು ಬಿಡುತ್ತಾರೆಯೇ? ಈಗಲೇ "ಏನ್ ಕ್ಯಾಪ್ಟನ್, ಟೀ ಕುಡಿತೀರಾ?" ಎಂದು ಕಿಚಾಯಿಸತೊಡಗಿದ್ದರು. ಆದರೆ ಕ್ಯಾಪ್ಟನ್ ಆಗಲು ಒಂದು ಪರೀಕ್ಷೆ ದಾಟಬೇಕು. ಮೈಸೂರಿನ ಕೃತಿಕಾ ಎಂಬ ಹುಡುಗಿ ಪರೀಕ್ಷಕಿ. ಅವಳು ತನ್ನ ಮನೆಯಲ್ಲೇ ಕೂತು ಇವನ ವಿಮಾನದಲ್ಲಿ ಏನು ಬೇಕಾದರೂ ಕೆಡಿಸಬಲ್ಲಳು. ಎಂಜಿನ್ ಆರಿಸುತ್ತಾಳೆ, ಚಕ್ರ ಇಳಿಯದಂತೆ ಮಾಡುತ್ತಾಳೆ. ಕೆಟ್ಟದ್ದನ್ನು ಸಂಭಾಳಿಸಿ ಹತ್ತಿರದ ನಿಲ್ದಾಣದಲ್ಲಿ ಇಳಿಸಬೇಕು, ಅಷ್ಟೇ ನಿಯಮ.

ಮೊದಲ ಸಲ ಮಂಗಳೂರಿನಿಂದ ಬೆಂಗಳೂರಿಗೆ ಹೊರಟ ವಿಮಾನ ಮೇಲೇಳುತ್ತಿದ್ದಂತೆಯೇ ಒಂದು ಎಂಜಿನ್ ಆರಿಸಿದಳು. ಅಣ್ಣಯ್ಯ ಹೆದರಲಿಲ್ಲ. ಒಂದೇ ಎಂಜಿನ್ನಿನಲ್ಲಿ ಹಾಡು ಗುನುಗುತ್ತಾ ಬೆಂಗಳೂರಿನಲ್ಲಿ ಹೂವಿನಂತೆ ಇಳಿಸಿದ. ಕೃತಿಕಾ ಫೇಲ್ ಮಾಡಿದಳು.

"ಮುಟ್ಟಿಸಿದ್ನಲ್ಲ ತಾಯಿ!" ಎಂದ ಅಣ್ಣಯ್ಯ.

"ಸರ್, ಮಂಗಳೂರು ಹಿಂದೇನೇ ಇತ್ತು. ವಾಪಸ್ ಇಳಿಸಬೇಕಿತ್ತು."

ಎರಡನೇ ಸಲವೂ ಅದೇ ಕಥೆ. ಈ ಸಲ ಹಟಕ್ಕೆ ಬಿದ್ದ ಕೃತಿಕಾ ದಾರಿಯಲ್ಲಿ ಎರಡನೇ ಎಂಜಿನ್ನನ್ನೂ ಆರಿಸಿದಳು. ವಿಮಾನ ಸಕಲೇಶಪುರದ ಹತ್ತಿರ ಗುಡ್ಡಕ್ಕೆ ಬಡಿಯಿತು. ಒಬ್ಬರೂ ಉಳಿಯಲಿಲ್ಲ ಎಂದು ಪರದೆ ಹೇಳಿತು. ಅಣ್ಣಯ್ಯನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಇನ್ನೊಂಚೂರು ಎಳ್ದಿದ್ರೆ ಬಾಳ್ಳುಪೇಟೆ ಮುಟ್ತಿತ್ತು. ಅಲ್ಲಿಂದ ಬೆಂಗಳೂರಿಗೆ ಬೇಕಾದಷ್ಟು ಬಸ್ಸೈತೆ," ಎಂದ.

ಕೃತಿಕಾ ಮತ್ತೆ ಫೇಲ್ ಎಂದು ಬರೆದುಕೊಂಡಳು. ಆಮೇಲೆ, "ಇನ್ನೊಂದೇ ಅವಕಾಶ ಸರ್. ಅದೂ ಹೋದ್ರೆ ಕ್ಯಾಪ್ಟನ್ ಆಸೆ ಬಿಟ್ಟುಬಿಡಿ," ಎಂದಳು.

ಮೂರನೇ ಪರೀಕ್ಷೆ ಭಾನುವಾರ ಮಧ್ಯಾಹ್ನ ಬಂತು. ಭೂತಮ್ಮ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಂಗಳೂರು ಬಿಟ್ಟು ಮೇಲೇರುವಾಗ ಗಂಟೆ ಹೊಡೆದುಕೊಂಡಿತು, ಕೆಂಪು ದೀಪ ಹತ್ತಿತು. ಬಲಗಡೆ ಎಂಜಿನ್ನಿಗೆ ಬೆಂಕಿ. ಅಣ್ಣಯ್ಯ ವಿಮಾನ ವಾಲದಂತೆ ಹಿಡಿದ, ಎಣ್ಣೆ ನಿಲ್ಲಿಸಿದ, ಬೆಂಕಿ ಆರಿಸಿದ. ಒಂದೂ ತಪ್ಪಲಿಲ್ಲ.

"ಚೆನ್ನಾಗಿ ಮಾಡಿದ್ರಿ. ಈಗ ಎಲ್ಲಿಗೆ ಹೋಗ್ತೀರಾ ಸರ್?" ಸ್ಪೀಕರಿನಲ್ಲಿ ಕೃತಿಕಾಳ ದನಿ ಕೇಳಿತು.

ಉತ್ತರ ಅವನಿಗೆ ಬಾಯಿಪಾಠವಾಗಿತ್ತು. ಆದರೆ ಹಾಳಾದ ಕೈ ತಿರುಗಿಸಲು ಒಪ್ಪಬೇಕಲ್ಲ! ಹಿಂದಕ್ಕೆ ತಿರುಗುವುದೆಂದರೆ ಮುಖಕ್ಕೆ ಮಸಿ ಬಳಿದುಕೊಂಡಂತೆ.

ಭೂತಮ್ಮ ತಲೆ ಎತ್ತಿದಳು. "ಯಾಕ್ರೀ ಹಂಗೆ ಕಲ್ಲಾಗ್ಬುಟ್ರಿ? ತಿರುಗ್ಸಿ ಅತ್ಲಾಗೆ."

"ಟಿಕೆಟ್ ತಗಂಡು ಕೂತವ್ರೆ ಕಣೇ. ನಡುದಾರೀಲಿ ಹೆಂಗೆ ಇಳ್ಸೋದು?"

"ಕೂತವ್ರೆ ಅಂದ್ರಲ್ಲ. ಹಂಗಾದ್ರೆ ಅವರ ಜೊತೇಲಿ ನಾನೂ ಕೂತಿವ್ನಿ ಅಂದ್ಕಳಿ. ಆ ಕೆಟ್ಟೋಗಿರೋ ಎಂಜಿನ್ ಪಕ್ಕದ ಕಿಟಕೀಲೇ. ಈಗೇಳಿ, ಹೋಗ್ತೀರಾ ಬೆಂಗಳೂರಿಗೆ?"

ಅಣ್ಣಯ್ಯ ಹೆಂಡತಿಯ ಮುಖ ನೋಡಿದ. ಕೈ ತಾನಾಗಿಯೇ ತಿರುಗಿತು.

"ಮಂಗಳೂರಿಗೆ ವಾಪಸ್!" ಎಂದು ಅರಚಿದ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಗಾಡಿ ಕೆಟ್ಟೈತೆ ಕಣ್ರಪ್ಪಾ, ಯಾರೂ ಬೈಕಬೇಡಿ. ಎಲ್ರಿಗೂ ಬೇರೆ ಗಾಡಿ ಮಾಡ್ಕೊಡ್ತೀನಿ," ಎಂದು ಇಲ್ಲದ ಪ್ರಯಾಣಿಕರಿಗೆಲ್ಲ ಕೈಮುಗಿದ. ಅತ್ತ ಕೃತಿಕಾ ನಗು ತಡೆಯಲಾರದೆ ಕೆಮ್ಮಿದಳು.

ವಿಮಾನ ಧಡ್ ಎಂದು ಇಳಿದು, ಓಲಾಡಿ, ನಿಂತಿತು. ಇಷ್ಟು ಕೆಟ್ಟದಾಗಿ ಅವನು ಎಂದೂ ಇಳಿಸಿರಲಿಲ್ಲ.

"ಪಾಸ್! ಕಂಗ್ರಾಟ್ಸ್ ಕ್ಯಾಪ್ಟನ್. ಆದ್ರೆ ಸರ್, ಇವತ್ತು ಯಾಕೆ ನಿಮ್ಮ ದನಿ ಹಂಗೆ ನಡುಗ್ತಿತ್ತು? ಅವತ್ತು ಗುಡ್ಡಕ್ಕೆ ಹೊಡೆದಾಗ್ಲೂ ಆರಾಮಾಗಿದ್ರಲ್ಲ."

"ಅವತ್ತು ನಮ್ಮನೆಯೋರು ಒಳಗಿರ್ಲಿಲ್ಲ ತಾಯಿ," ಎಂದ ಅಣ್ಣಯ್ಯ.

ಭೂತಮ್ಮನ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡಳು. ಖುಷಿಯಾಗಿತ್ತು, ಯಾಕಾಗಬಾರದು? ಇಷ್ಟು ವರ್ಷದ ಸಂಸಾರದಲ್ಲಿ ಗಂಡ ಇಂಥದ್ದೊಂದು ಮಾತಾಡಿದ್ದು ಇದೇ ಮೊದಲು. ಆದರೆ ಮರುಗಳಿಗೆಗೇ ಏನೋ ಹೊಳೆದು ಅವಳ ಹುಬ್ಬು ಗಂಟಾಯಿತು.

"ಅಲ್ಲಾ ಕಣ್ರೀ, ಅವತ್ತು ಅಷ್ಟೂ ಜನಾನ ತಗಂಡೋಗಿ ಗುಡ್ಡಕ್ಕೆ ಬಡಿದ್ರಲ್ಲ, ಅವ್ರೆಲ್ಲ ಯಾರ ಮನೆಯೋರು?"

ಕ್ಯಾಪ್ಟನ್ ಅಣ್ಣಯ್ಯ ಕುರ್ಚಿ ಬಿಟ್ಟಿಳಿದು ಅವಳ ಪಕ್ಕ ಕೂತು, ಒಂದು ಅವರೆಕಾಯಿ ಕೈಗೆತ್ತಿಕೊಂಡ.

"ತಪ್ಪಾಯ್ತು ಕಣೇ," ಎಂದ ಅವನು, ಮೆಲ್ಲಗೆ.